ಹಗಲು ಮುಟ್ಟದವರು ಇರುಳು ನಿರೋಧ್ ಹಾಕುತ್ತಾರೆಯೇ?



ಈ ವಿಷಯ ಬರೆಯುತ್ತೇವೆ ಅಂದಾಗ ನಮ್ಮ ಸಂಗಾತಿಯೊಬ್ಬರು ಮುಖ ಸಿಂಡರಿಸಿಕೊಂಡರು. "ಏನ್ರಪ್ಪಾ, ಭೂಮಿ ಪ್ರಶ್ನೆ ಮುಗೀತಾ? ಸ್ಮಶಾನಕ್ಕೆ ಜಾಗ ಸಿಕ್ತಾ? ಹೋಟೆಲಲ್ಲಿ ಎರಡು ಲೋಟ ಹೋಯ್ತಾ? ಈಗ ಗಂಡಸು ಗಂಡಸಿನ ಜೊತೆ ಮಲಗೋದು, ನಿರೋಧ್ ಹಾಕೋದು, ಇದೆಲ್ಲ ನಮ್ಮ ಪತ್ರಿಕೇಲಿ ಬರಬೇಕಾ?" ಅಂದರು.

ಬರಬೇಕು. ಭೂಮಿ ಪ್ರಶ್ನೆ ಮುಗಿದಿಲ್ಲ, ಅದಕ್ಕೇ ಬರಬೇಕು. ಎರಡು ಲೋಟ ಹೋಗಿಲ್ಲ, ಅದಕ್ಕೇ ಬರಬೇಕು. ತುಂಡು ಭೂಮಿ ಇಲ್ಲದವನ, ಕೇರಿಯಲ್ಲಿ ಹುಟ್ಟಿದವನ, ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವವನ ಮೈಮೇಲೆ ಇನ್ನೊಂದು ಕುತ್ತು ಬಂದು ಕೂತಿದೆ. ಅದರ ಹೆಸರು ಎಚ್.ಐ.ವಿ. ಆ ಹುಡುಗ ಗಂಡಸನ್ನು ಮೆಚ್ಚುವವನು ಅನ್ನುವ ಒಂದೇ ಕಾರಣಕ್ಕೆ ನಾವು ಬಾಯಿ ಮುಚ್ಚಿಕೊಂಡಿದ್ದೇವೆ. ನಮ್ಮ ಮೌನದ ಸಾಲ ತೀರಿಸುತ್ತಿರುವುದು ಅವನ ರಕ್ತ.

ಗಂಡಸನ್ನು ಪ್ರೀತಿಸುವ ಗಂಡಸು ಅಂದಕೂಡಲೇ ನಮ್ಮ ಅಕ್ಷರಸ್ಥರ ಕಣ್ಣಿಗೆ ಬರೋದು ಬೆಂಗಳೂರಿನ ಎಂ.ಜಿ. ರಸ್ತೆ, ಇಂಗ್ಲಿಷ್ ಮಾತು, ಕಾಮನಬಿಲ್ಲಿನ ಬಾವುಟ. "ಇದು ಪಟ್ಟಣದ ಶ್ರೀಮಂತರ ಶೋಕಿ" ಅಂತ ಷರಾ ಬರೆದು ಫೈಲು ಮುಚ್ಚುತ್ತಾರೆ. ಸ್ವಲ್ಪ ನಮ್ಮ ಜಿಲ್ಲೆಯನ್ನೇ ನೋಡಿ. ಕೋಲಾರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಟೊಮೆಟೊ ಕ್ರೇಟು ಹೊರುವ ಹಮಾಲಿ, ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಮಣ್ಣು ಕಲಸುವವನು, ನರಸಾಪುರ, ವೇಮಗಲ್ ಕಾರ್ಖಾನೆಗಳ ಗುತ್ತಿಗೆ ಕೆಲಸಗಾರ, ಮುಳಬಾಗಿಲಿನಿಂದ ನಂಗಲಿ ಗಡಿಯತನಕ ಹೆದ್ದಾರಿ ಢಾಬಾಗಳಲ್ಲಿ ತಟ್ಟೆ ತೊಳೆಯುವವನು, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಸೀಸನ್ನಿನಲ್ಲಿ ಹಣ್ಣು ವಿಂಗಡಿಸುವವನು, ಹಳ್ಳಿ ಶಾಲೆಯ ಮೇಷ್ಟ್ರು, ಹಾಸ್ಟೆಲಿನ ವಿದ್ಯಾರ್ಥಿ. ಇವರೊಳಗೆ ಇದ್ದಾರೆ. ಇಲ್ಲ ಅನ್ನುವವರು ನೋಡಿಲ್ಲ, ಅಥವಾ ನೋಡಿಯೂ ನೋಡದವರ ಹಾಗೆ ಇದ್ದಾರೆ.

ಇವರು ತಮ್ಮತಮ್ಮಲ್ಲಿ ಇಟ್ಟುಕೊಂಡ ಹೆಸರುಗಳಿವೆ. ಹೆಣ್ಣಿನ ನಡೆನುಡಿಯವನು ಕೋತಿ. ಗಂಡಸಿನ ಗತ್ತಿನವನು ಪಂತಿ. ಎರಡೂ ಆಗುವವನು ಡಬ್ಬಲ್ ಡೆಕ್ಕರ್. ಕೋತಿ ಅಂದರೆ ಮಂಗ ಅಂದುಕೊಂಡು ನಗುವ ಜಾಣರು ನಮ್ಮಲ್ಲೂ ಇದ್ದಾರೆ. ಕೋಲಾರದ್ದು ಕನ್ನಡ, ತೆಲುಗು, ತಮಿಳು ಮೂರೂ ಆಡುವ ನೆಲ. ಮೂರು ಭಾಷೆಯಲ್ಲೂ ಇವರನ್ನು ಬಯ್ಯೋಕೆ ಮಾತಿದೆ. ಮರ್ಯಾದೆಯಿಂದ ಕರೆಯೋಕೆ ಒಂದರಲ್ಲೂ ಇಲ್ಲ. ಕರೆಯಲು ಹೆಸರಿಲ್ಲದವನ ಹತ್ತಿರ ಆರೋಗ್ಯ ಇಲಾಖೆ ಏನು ಮಾತಾಡೀತು?

*

ಮೊದಲು ರೋಗದ ವಿಷಯ ನೇರವಾಗಿ ಹೇಳಿಬಿಡುತ್ತೇವೆ. ನಮ್ಮ ಓದುಗರಲ್ಲಿ ಮೇಷ್ಟ್ರುಗಳಿದ್ದಾರೆ. ಅವರು ನಾಳೆ ಇನ್ನೊಬ್ಬರಿಗೆ ಹೇಳಬೇಕು.

1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಈ ದೇಶದಲ್ಲಿ ಮೊದಲ ಸಲ ಎಚ್.ಐ.ವಿ. ಪತ್ತೆ ಮಾಡಿದರು. ಸಿಕ್ಕಿದ್ದು ಮೈ ಮಾರಿ ಬದುಕುತ್ತಿದ್ದ ಹೆಣ್ಣುಮಕ್ಕಳ ರಕ್ತದಲ್ಲಿ. ಅಲ್ಲಿಂದ ಶುರುವಾಯಿತು ನೋಡಿ. ಗೋಡೆಬರಹ, ಬೀದಿನಾಟಕ, ರೇಡಿಯೋ ಎಲ್ಲವೂ ಹೆಣ್ಣಿನ ಕಡೆ ಬೆರಳು ತೋರಿಸಿದವು. "ಪರಸ್ತ್ರೀ ಸಂಗ ಬೇಡ" ಅಂತ ಬುದ್ಧಿ ಹೇಳಿದವು. ಹೆಣ್ಣುಮಕ್ಕಳ ಮೇಲೆ ಕಳಂಕ ಹೊರಿಸಿದ್ದು ಒಂದು ಅನ್ಯಾಯ. ಅದರ ಬೆನ್ನಲ್ಲೇ ಇನ್ನೊಂದು ಅನ್ಯಾಯ ಹುಟ್ಟಿತು. ಗಂಡಸಿನ ಜೊತೆ ಹೋಗುವ ಗಂಡಸು ಆ ಗೋಡೆಬರಹ ಓದಿ ಏನಂದುಕೊಂಡ? "ಹೆಂಗಸರ ಹತ್ರ ಹೋದ್ರೆ ತಾನೇ ಬರೋದು? ನಮಗೇನೂ ಆಗಲ್ಲ" ಅಂದುಕೊಂಡ. ಈ ಮಾತನ್ನು ಇವತ್ತೂ ಕೇಳುತ್ತೇವೆ.

ನಿಜ ತಿರುವುಮುರುವಾಗಿದೆ. ಸೋಂಕು ಇರುವವನ ಜೊತೆ, ಚಿಕಿತ್ಸೆಯೂ ಇಲ್ಲದೆ ನಿರೋಧೂ ಇಲ್ಲದೆ ಸೇರಿದಾಗ, ಗುದದ್ವಾರದ ಮೂಲಕ ತೆಗೆದುಕೊಳ್ಳುವವನಿಗೆ 10,000 ಸಲಕ್ಕೆ ಸುಮಾರು 138 ಸಲ ಸೋಂಕು ತಗಲುತ್ತದೆ ಅನ್ನುವುದು ವೈದ್ಯಶಾಸ್ತ್ರದ ಅಂದಾಜು. ಯೋನಿಯ ಮೂಲಕ ತೆಗೆದುಕೊಳ್ಳುವ ಹೆಣ್ಣಿಗೆ ಅದೇ ಲೆಕ್ಕ ಸುಮಾರು 8. ಅಲ್ಲಿನ ಒಳಚರ್ಮ ತೆಳುವು, ಒಸರುವ ನೀರಿಲ್ಲ, ಬೇಗ ಹರಿಯುತ್ತದೆ. ಪಾಪಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ಬರೀ ಚರ್ಮದ ಲೆಕ್ಕ. ದೇಶದ ವಯಸ್ಕರಲ್ಲಿ ಎಚ್.ಐ.ವಿ. ಪ್ರಮಾಣ ನೂರಕ್ಕೆ ಸುಮಾರು 0.2. ಗಂಡಸರ ಜೊತೆ ಸೇರುವ ಗಂಡಸರಲ್ಲಿ ಸರ್ಕಾರದ 2021ರ ಎಣಿಕೆಯಲ್ಲೇ ನೂರಕ್ಕೆ 3ಕ್ಕಿಂತ ಹೆಚ್ಚು. ಹತ್ತು ಪಟ್ಟಿಗೂ ಮೀರಿದ್ದು. ಗೋಡೆಬರಹ ಯಾರನ್ನು ಮರೆಯಿತೋ ಅವರನ್ನೇ ರೋಗ ನೆನಪಿಟ್ಟುಕೊಂಡಿತು.

*

ಇವರು ನಿರೋಧ್ ಯಾಕೆ ಹಾಕೋಲ್ಲ? ಸಭೆ ನಡೆಸುವ ಸಾಹೇಬರ ಹತ್ತಿರ ಸಿದ್ಧ ಉತ್ತರ ಇದೆ: "ಅರಿವಿನ ಕೊರತೆ." ಬಡವರ ಎಲ್ಲ ಕಷ್ಟಕ್ಕೂ ಇವರ ಉತ್ತರ ಇದೇ. ಮಗು ಸತ್ತರೆ ತಾಯಿಗೆ ಅರಿವಿಲ್ಲ. ಸಾಲ ಏರಿದರೆ ರೈತನಿಗೆ ಅರಿವಿಲ್ಲ. ಅರಿವಿರೋದೆಲ್ಲ ಇವರ ಹತ್ತಿರ, ರೋಗ ಇರೋದೆಲ್ಲ ನಮ್ಮ ಹತ್ತಿರ!

ನಾವು ಹೇಳುತ್ತೇವೆ: ಅರಿವಿಲ್ಲದವರು ಇದ್ದಾರೆ, ನಿಜ. ಆದರೆ ಅರಿವಿದ್ದೂ ಹಾಕಲು ಆಗದವರು ಇನ್ನೂ ಬಹಳ ಇದ್ದಾರೆ. ನಿರೋಧ್ ಅನ್ನೋದು ಜೇಬಿನಲ್ಲಿರುವ ರಬ್ಬರು ಮಾತ್ರ ಅಲ್ಲ. ಅದನ್ನು ತೆಗೆದು "ಹಾಕ್ಕೋ" ಅಂತ ಇನ್ನೊಬ್ಬನಿಗೆ ಹೇಳುವ ಅಧಿಕಾರ. ಆ ಅಧಿಕಾರ ಯಾರಿಗಿದೆ? ಒಂದೊಂದಾಗಿ ನೋಡೋಣ.

ಒಂದು, ಜಾಗ. ಬಡವನಿಗೆ ಬಾಗಿಲು ಹಾಕಿಕೊಳ್ಳುವ ಕೋಣೆ ಇಲ್ಲ. ಒಂದೇ ಅಂಕಣದ ಮನೆಯಲ್ಲಿ ಆರು ಜನ ಮಲಗುತ್ತಾರೆ. ಇವರಿಗೆ ಸಿಗುವುದು ಕೆರೆ ಏರಿ, ನೀಲಗಿರಿ ತೋಪು, ರೈಲ್ವೆ ಹಳಿಯ ಪಕ್ಕ, ಬಸ್‌ಸ್ಟ್ಯಾಂಡಿನ ಹಿಂದಿನ ಕತ್ತಲು. ಸಿಕ್ಕ ಐದು ನಿಮಿಷದಲ್ಲಿ ಕಿವಿಯೆಲ್ಲ ರಸ್ತೆ ಕಡೆ. ಯಾರ ಟಾರ್ಚು ಬೀಳುತ್ತೋ, ಯಾರ ಬೈಕು ನಿಲ್ಲುತ್ತೋ! ಪೊಟ್ಟಣ ಹರಿದು ತೊಡಿಸುವ ವ್ಯವಧಾನ ಎಲ್ಲಿಂದ ಬರಬೇಕು? ಲಾಡ್ಜಿನ ಬಾಡಿಗೆ ಕೊಡಬಲ್ಲವನಿಗೂ ಕೊಡಲಾರದವನಿಗೂ ರೋಗದ ಅಪಾಯ ಒಂದೇ ಅಲ್ಲ.

ಎರಡು, ಪೊಲೀಸು. ಜೇಬಿನಲ್ಲಿ ನಿರೋಧ್ ಸಿಕ್ಕರೆ ಅದೇ ಸಾಕ್ಷಿ. "ಇದೇನೋ ಇದು? ಯಾರಿಗೋ?" ಅಂತ ಶುರುವಾಗಿ, ಇದ್ದ ದುಡ್ಡು, ಫೋನು ಕಿತ್ತುಕೊಳ್ಳುವ ತನಕ ಬಿಡುವುದಿಲ್ಲ. "ನಿಮ್ಮಪ್ಪನ್ನ ಕರೆಸ್ತೀನಿ" ಅನ್ನುವ ಒಂದು ಮಾತು ಸಾಕು, ಹುಡುಗ ನಡುಗಿಹೋಗುತ್ತಾನೆ. ಬೆಂಗಳೂರಿನಲ್ಲಿ ಇಂಥ ಸುಲಿಗೆ, ಹಿಂಸೆಗಳನ್ನು ಪಿ.ಯು.ಸಿ.ಎಲ್. ಕರ್ನಾಟಕ 2001ರಲ್ಲಿ, ಮತ್ತೆ 2003ರಲ್ಲಿ ವರದಿ ಮಾಡಿತು. ಒಂದು ಸಲ ಹೀಗೆ ಸಿಕ್ಕಿಬಿದ್ದವನು ಮತ್ತೆ ಜೇಬಿನಲ್ಲಿ ನಿರೋಧ್ ಇಟ್ಟುಕೊಳ್ಳುವುದಿಲ್ಲ. ಅವನ ಬುದ್ಧಿಗೆ ಏನೂ ಆಗಿಲ್ಲ. ನಾಳೆ ಬರಬಹುದಾದ ರೋಗಕ್ಕಿಂತ ಇವತ್ತು ಬೀಳುವ ಲಾಠಿ ಹತ್ತಿರ.

ಮೂರು, ಅಂಗಡಿ. ಸಣ್ಣ ಊರಿನ ಮೆಡಿಕಲ್ ಶಾಪಿನವನು ಅಪ್ಪನಿಗೂ ಗೊತ್ತು, ಮಾವನಿಗೂ ಗೊತ್ತು. ಮದುವೆಯಾಗದ ಹುಡುಗ ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಪುಕ್ಕಟೆ ಹಂಚುವ ಸಂಸ್ಥೆಯ ಕಚೇರಿ ಇರೋದು ಹೆಚ್ಚಾಗಿ ಜಿಲ್ಲಾ ಕೇಂದ್ರದಲ್ಲಿ. ಮುಳಬಾಗಿಲಿನಿಂದಲೋ ಶ್ರೀನಿವಾಸಪುರದಿಂದಲೋ ಮಾಲೂರಿನಿಂದಲೋ 25–30 ಕಿಲೋಮೀಟರ್ ಬಸ್ಸು ಹತ್ತಬೇಕು. ಅರ್ಧ ದಿನದ ಕೂಲಿ ಹೋಯಿತು. ಪುಕ್ಕಟೆ ಅನ್ನೋದು ಎಷ್ಟು ದುಬಾರಿ!

ನಾಲ್ಕು, ಎಣ್ಣೆ. ನಿರೋಧ್ ಜೊತೆ ಜಾರುವುದಕ್ಕೆ ನೀರಿನ ಅಂಶದ ಜೆಲ್ ಬೇಕು. ಅದು ಸಿಗುವುದಿಲ್ಲ, ಸಿಕ್ಕರೂ ಬೆಲೆ ಹೆಚ್ಚು. ಕೈಗೆ ಸಿಗುವುದು ಕೊಬ್ಬರಿ ಎಣ್ಣೆ, ವ್ಯಾಸಲೀನು. ಎಣ್ಣೆ ತಗಲಿದ ರಬ್ಬರು ಕೆಲವೇ ನಿಮಿಷದಲ್ಲಿ ಸತ್ವ ಕಳೆದುಕೊಂಡು ಹರಿಯುತ್ತದೆ. ಹರಿದ ಮೇಲೆ ಅವನು ಅನ್ನುತ್ತಾನೆ, "ಹಾಕ್ಕೊಂಡ್ರೂ ಹರಿಯುತ್ತಲ್ಲಣ್ಣ, ಯಾಕೆ ಹಾಕ್ಕೋಬೇಕು?" ಅವನ ತರ್ಕದಲ್ಲಿ ತಪ್ಪೆಲ್ಲಿದೆ? ನಿರೋಧ್ ಕೊಟ್ಟು ಜೆಲ್ ಕೊಡದಿರುವುದು ಅಂದರೆ ನೇಗಿಲು ಕೊಟ್ಟು ಎತ್ತು ಕೊಡದ ಹಾಗೆ. ಈ ಒಂದು ಸಣ್ಣ ಸತ್ಯವನ್ನು ಎಷ್ಟು ಜನಕ್ಕೆ ಬಾಯಿಬಿಟ್ಟು ಹೇಳಿದ್ದೇವೆ?

ಐದು, ಈ ದೇಶದಲ್ಲಿ ನಿರೋಧ್ ಬಂದ ದಾರಿ. 1968ರಲ್ಲಿ ಸರ್ಕಾರ ಒಂದಕ್ಕೆ 5 ಪೈಸೆಯ ಹಾಗೆ ಇದನ್ನು ಹಳ್ಳಿಗೆ ತಂದಿದ್ದು ಬಡವರು ಮಕ್ಕಳನ್ನು ಹೆರದಿರಲಿ ಅಂತ. ಹೆಸರೇ 'ನಿರೋಧ್', ಅಂದರೆ ತಡೆ. ಬಡವರ ಜೀವ ಉಳಿಸುವ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಕೇರಿಗೆ ಕೇರಿಯನ್ನೇ ಆಪರೇಷನ್ನಿಗೆ ಹೊತ್ತೊಯ್ದ ಸರ್ಕಾರದ ಕೈಯಿಂದ ಬಂದ ರಬ್ಬರು ಇದು. ಮಕ್ಕಳು ಊದಿ ಬಲೂನು ಮಾಡಿ ಆಡಿದರು. ಗಂಡು ಗಂಡು ಸೇರುವವರು ನಕ್ಕರು: "ನಮಗೇನು ಮಕ್ಕಳಾಗುತ್ತಾ?"

ಆರು, ಮದುವೆ. ಇವರಲ್ಲಿ ಬಹಳ ಜನಕ್ಕೆ ಮನೆಯವರು ಹೆಣ್ಣು ತಂದು ಕಟ್ಟಿದ್ದಾರೆ. ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆಪರೇಷನ್ ಆದ ಮನೆಯಲ್ಲಿ ಗಂಡ ನಿರೋಧ್ ತಂದರೆ ಹೆಂಡತಿ ಕೇಳುವುದಿಲ್ಲವೇ, "ಇದು ಯಾಕ್ರೀ ಈಗ?" ಅಂತ? ಉತ್ತರ ಹೇಳಲಾರದವನು ನಿರೋಧನ್ನು ಮನೆಯೊಳಗೆ ತರುವುದೇ ಇಲ್ಲ. ಕೊನೆಗೆ ಏನೂ ತಿಳಿಯದ ಆ ಹೆಣ್ಣುಮಗಳು ಬಸುರಿಯಾದಾಗಲೋ ಜ್ವರ ಬಿಡದೆ ಹೋದಾಗಲೋ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು, ಗೋಡೆ ಹಿಡಿದು ಕೂರುತ್ತಾಳೆ. ಅವಳ ಗಂಡ ಅವಳಿಗೆ ಸುಳ್ಳು ಹೇಳಿದ್ದು ತಪ್ಪು. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಅವನ ಬಾಯಿಗೆ ಆ ಸುಳ್ಳನ್ನು ಇಟ್ಟವರು ಯಾರು? "ಮದುವೆ ಮಾಡಿದರೆ ಸರಿಹೋಗ್ತಾನೆ" ಅಂತ ಎರಡು ಬದುಕನ್ನು ಒಂದೇ ಹಗ್ಗದಲ್ಲಿ ಬಿಗಿದ ಊರಿನ ಹಿರಿಯರು ಕೈ ತೊಳೆದುಕೊಳ್ಳಬಹುದೇ?

ಏಳು, ಪ್ರೀತಿ. ಇದನ್ನು ಯಾವ ಫಾರಂನಲ್ಲೂ ಬರೆಯುವುದಿಲ್ಲ. ಊರೆಲ್ಲ ಛೀ ಥೂ ಅಂದವನಿಗೆ ಒಬ್ಬ ಸಿಗುತ್ತಾನೆ, "ನೀನು ನನ್ನವನು" ಅನ್ನುತ್ತಾನೆ. ಅವನ ಮುಂದೆ ನಿರೋಧ್ ತೆಗೆದರೆ "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತಾನೆ. ಇಡೀ ಲೋಕದಲ್ಲಿ ಇರುವ ಒಂದೇ ನಂಬಿಕೆಯನ್ನು ಯಾರು ಪಣಕ್ಕಿಡುತ್ತಾರೆ? ಒಪ್ಪಿಕೊಳ್ಳುವ ಸಮಾಜ ಇದ್ದಿದ್ದರೆ ಪ್ರೀತಿ ಇಷ್ಟು ಹಸಿದಿರುತ್ತಿರಲಿಲ್ಲ. ಹಸಿದವನು ಊಟದ ಬೆಲೆ ಕೇಳುವುದಿಲ್ಲ.

*

ಈಗ ಬುಡದ ಮಾತಿಗೆ ಬರುತ್ತೇವೆ. ಜಾತಿಯ ಮಾತಿಗೆ.

2022ರ ಸೆಪ್ಟೆಂಬರಿನಲ್ಲಿ ನಮ್ಮದೇ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಏನಾಯಿತು? ಉತ್ಸವದಲ್ಲಿ ದೇವರ ಕೋಲು ಮುಟ್ಟಿದ ಅಂತ ಒಬ್ಬ ದಲಿತ ಬಾಲಕನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಒಂದು ಮರದ ಕೋಲು ಮುಟ್ಟಿದ್ದಕ್ಕೆ! ಇದು ಹಗಲಿನ ಕಾನೂನು.

ಇರುಳಿನ ಕಾನೂನು ಬೇರೆ. ಹಗಲು ಕೇರಿಯವನ ನೆರಳು ಸೋಕಿದರೆ ಸಿಡುಕುವ ಧಣಿಯ ಮಗ ಇರುಳು ಕೇರಿಯ ಹುಡುಗನನ್ನು ತೋಟದ ಪಂಪ್‌ಸೆಟ್ ಮನೆಗೆ ಕರೆಸಿಕೊಳ್ಳುತ್ತಾನೆ. ಆಗ ಮೈಲಿಗೆ ಎಲ್ಲಿ ಹೋಯಿತು? ದೇವದಾಸಿ ಅಂತ ನಮ್ಮ ಹೆಣ್ಣುಮಕ್ಕಳ ಮೈಯನ್ನು ದೇವರ ಹೆಸರಲ್ಲಿ ಬಳಸಿದವರು ಇದೇ ಲೆಕ್ಕದವರು. ಮುಟ್ಟದೆ ಆಳುವುದು ಹಗಲಿನ ಜಾತಿ, ಮುಟ್ಟಿ ಆಳುವುದು ಇರುಳಿನ ಜಾತಿ. ಆ ಕತ್ತಲಲ್ಲಿ ಈ ಹುಡುಗ "ನಿರೋಧ್ ಹಾಕ್ಕೊಳ್ಳಿ ಗೌಡ್ರೇ" ಅಂತ ಅನ್ನಬಲ್ಲನೇ? ನಾಳೆ ಬೆಳಿಗ್ಗೆ ಅವನ ಅಪ್ಪ ಅದೇ ತೋಟಕ್ಕೆ ಕೂಲಿಗೆ ಹೋಗಬೇಕು. ಅವನ ಅವ್ವ ಅದೇ ಬೋರ್‌ವೆಲ್ಲಿನ ನೀರಿಗೆ ಬಿಂದಿಗೆ ಹಿಡಿದು ನಿಲ್ಲಬೇಕು.

ಇದು ಉತ್ಪ್ರೇಕ್ಷೆ ಅನ್ನುವವರಿಗೆ ಕಂಬಾಲಪಲ್ಲಿಯನ್ನು ನೆನಪಿಸುತ್ತೇವೆ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲೇ ಇದ್ದ ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಯಾಕೆ? ಸಾಕ್ಷಿಗಳು ತಿರುಗಿಬಿದ್ದರು. ಹಾಡಹಗಲು, ನ್ಯಾಯಾಧೀಶರ ಮುಂದೆ, ಸಂವಿಧಾನದ ನೆರಳಲ್ಲಿ ನಿಂತು ಬಾಯಿ ಬಿಡಲಾರದಂತೆ ಮಾಡುವ ವ್ಯವಸ್ಥೆ ಇದು. ಹಾಗಿರುವಾಗ ಪಂಪ್‌ಸೆಟ್ ಮನೆಯ ಕತ್ತಲಲ್ಲಿ, ಒಂಟಿಯಾಗಿ, ಬೆತ್ತಲಾಗಿ ನಿಂತ ಹುಡುಗ ಬಾಯಿ ಬಿಡಬೇಕು ಅಂತ ಕರಪತ್ರ ಹಂಚುತ್ತೀರಲ್ಲ, ನಿಮಗೆ ನಾಚಿಕೆಯಾಗುವುದಿಲ್ಲವೇ?

ದುಡ್ಡಿನ ಮಾತೂ ಇದೇ. ಹೊಟ್ಟೆಪಾಡಿಗೆ ಹೆದ್ದಾರಿಯಲ್ಲಿ ನಿಲ್ಲುವವನಿಗೆ ಲಾರಿಯವನು ಹೇಳುತ್ತಾನೆ: ನಿರೋಧ್ ಇದ್ದರೆ ಇಷ್ಟು, ಇಲ್ಲದಿದ್ದರೆ ಇನ್ನೂ ಅಷ್ಟು. ಆ ಹೆಚ್ಚಿನ ನೂರಿನ್ನೂರು ರೂಪಾಯಿ ಮನೆಯ ಎರಡು ದಿನದ ಅಕ್ಕಿಬೇಳೆ. ಬಡತನಕ್ಕೆ ನಿರೋಧ್ ಹಾಕಲು ಬರುವುದಿಲ್ಲ, ಗೆಳೆಯರೇ.

*

ಕಾನೂನು ಏನು ಮಾಡಿತು? ಬ್ರಿಟಿಷರು 1860ರಲ್ಲಿ ಬರೆದಿಟ್ಟ ದಂಡಸಂಹಿತೆಯ 377ನೆಯ ಕಲಮು ಇವರನ್ನು ಜೀವಾವಧಿ ಶಿಕ್ಷೆಗೆ ಗುರಿಮಾಡಬಲ್ಲ ಅಪರಾಧಿಗಳು ಅಂತ ಕರೆಯಿತು. ನಮ್ಮ ದೇಶಭಕ್ತರು ಅದನ್ನು ಭಾರತೀಯ ಸಂಸ್ಕೃತಿ ಅಂತ ಎದೆಗವಚಿಕೊಂಡರು! 1994ರಲ್ಲಿ ತಿಹಾರ್ ಜೈಲಿನ ಕೈದಿಗಳಿಗೆ ನಿರೋಧ್ ಕೊಡಿ ಅಂದಾಗ ಅಧಿಕಾರಿಗಳು ಒಪ್ಪಲಿಲ್ಲ. ಏಡ್ಸ್ ಭೇದಭಾವ ವಿರೋಧಿ ಆಂದೋಲನ ಹೈಕೋರ್ಟಿನ ಬಾಗಿಲು ಬಡಿಯಬೇಕಾಯಿತು. 2001ರಲ್ಲಿ ಲಖನೌದಲ್ಲಿ ನಿರೋಧ್ ಹಂಚುತ್ತ ರೋಗದ ತಿಳುವಳಿಕೆ ಹೇಳುತ್ತಿದ್ದ ಕಾರ್ಯಕರ್ತರನ್ನೇ ಇದೇ ಕಲಮಿನಡಿ ಹಿಡಿದು ಒಂದೂವರೆ ತಿಂಗಳು ಜೈಲಿಗೆ ತಳ್ಳಿದರು. ಅದೇ ವರ್ಷ ನಾಜ್ ಫೌಂಡೇಶನ್ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲಿ ತಮಾಷೆ ನೋಡಿ: ಈ ಕಲಮಿನಿಂದ ಜನ ಅಡಗಿಕೊಳ್ಳುತ್ತಾರೆ, ರೋಗ ತಡೆಯಲು ಆಗುವುದಿಲ್ಲ ಅಂತ ಆರೋಗ್ಯ ಇಲಾಖೆಯ ಕಡೆಯಿಂದ ಅಫಿಡವಿಟ್, ಕಲಮು ಇರಲೇಬೇಕು ಅಂತ ಗೃಹ ಇಲಾಖೆಯಿಂದ ಅಫಿಡವಿಟ್. ಒಂದೇ ಸರ್ಕಾರಕ್ಕೆ ಎರಡು ನಾಲಿಗೆ.

2009ರಲ್ಲಿ ಹೈಕೋರ್ಟು ಬಿಡುಗಡೆ ಕೊಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟು ಕಿತ್ತುಕೊಂಡಿತು. 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟು ವಯಸ್ಕರು ಒಪ್ಪಿ ಸೇರುವುದು ಅಪರಾಧ ಅಲ್ಲ ಅಂದಿತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ 377ರ ಸುಳಿವೇ ಇಲ್ಲ. ಸರಿ. ಆದರೆ ತೀರ್ಪು ದೆಹಲಿಯಿಂದ ಹೊರಟು ಮುಳಬಾಗಿಲಿನ ಬಸ್‌ಸ್ಟ್ಯಾಂಡು ಮುಟ್ಟಿದೆಯೇ? ಲಾಠಿ ಹಿಡಿದವನಿಗೆ ಕಲಮು ಬೇಕಾಗಿಲ್ಲ, ಕತ್ತಲಿದ್ದರೆ ಸಾಕು.

ಇನ್ನೊಂದು ಕಾನೂನಿದೆ. ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ರಕ್ತ ಪರೀಕ್ಷೆ ಮಾಡಬಾರದು ಅನ್ನುತ್ತದೆ. ಸೋಂಕಿನ ಸಂಗತಿ ಬಯಲು ಮಾಡಬಾರದು ಅನ್ನುತ್ತದೆ. ಕೆಲಸದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ತಾರತಮ್ಯ ಮಾಡಬಾರದು ಅನ್ನುತ್ತದೆ. ಅದರ 22ನೆಯ ಕಲಮಿನ ಪ್ರಕಾರ ಸೋಂಕು ತಡೆಯಲು ನಿರೋಧ್ ಹಂಚುವುದಾಗಲಿ, ಬಳಸುವುದಾಗಲಿ ಅಪರಾಧ ಆಗುವುದಿಲ್ಲ, ಯಾರೂ ಅದನ್ನು ತಡೆಯುವಂತಿಲ್ಲ. ಜೇಬು ತಡಕುವ ಪೇದೆಗೆ ಈ ಕಲಮನ್ನು ಯಾರು ಓದಿ ಹೇಳಬೇಕು? ನಾವು ಹೇಳಬೇಕು. ಅಟ್ರಾಸಿಟಿ ಕಾಯ್ದೆಯ ಕಲಮುಗಳನ್ನು ಠಾಣೆಯ ಮುಂದೆ ಕೂತು ಓದಿ ಹೇಳಿದ ಚಳುವಳಿಗೆ ಇದು ದೊಡ್ಡ ಕೆಲಸವಲ್ಲ.

*

ಕಾರ್ಯಕ್ರಮಗಳು ಬರಲಿಲ್ಲವೇ? ಬಂದವು. 1992ರಿಂದ ರಾಷ್ಟ್ರೀಯ ಕಾರ್ಯಕ್ರಮ ಇದೆ. 2003ರಿಂದ ಗೇಟ್ಸ್ ಫೌಂಡೇಶನ್ನಿನ ದುಡ್ಡಿನ 'ಆವಾಹನ್' ಕರ್ನಾಟಕಕ್ಕೂ ಬಂತು. ಲಕ್ಷಾಂತರ ನಿರೋಧ್ ಹಂಚಿದರು, ಸೋಂಕು ಇಳಿಯಿತು. ಅದನ್ನು ಅಲ್ಲಗಳೆಯುವ ಕುರುಡುತನ ನಮಗಿಲ್ಲ. ಆಮೇಲೆ ಹೊರಗಿನ ದುಡ್ಡು ಹಿಂದೆ ಸರಿದು ಎಲ್ಲ ಸರ್ಕಾರದ ಕೈಗೆ ಬಂತು. ಉಳಿದದ್ದು ಟಾರ್ಗೆಟ್ಟು. ತಿಂಗಳಿಗೆ ಇಷ್ಟು ಪೊಟ್ಟಣ, ಇಷ್ಟು ತಲೆ, ಇಷ್ಟು ಸಹಿ. ಹಂಚಿದ್ದನ್ನು ಎಣಿಸುತ್ತಾರೆ, ಹಾಕಿದ್ದನ್ನು ಎಣಿಸಲು ಆಗುವುದಿಲ್ಲ. ಬಿಸಿಲಲ್ಲಿ ತಿರುಗಿ ಹಂಚುವವನು ಅದೇ ಸಮುದಾಯದ ಹುಡುಗ. ಅವನಿಗೆ ಸಂಬಳ ಅಲ್ಲ, ಗೌರವಧನ! ಗೌರವವೂ ಇಲ್ಲ, ಧನವೂ ಇಲ್ಲ. ಈಗ ಜನ ಸೇರುವುದು ಪಾರ್ಕಿನಲ್ಲಿ ಮಾತ್ರವಲ್ಲ, ಫೋನಿನ ಆ್ಯಪುಗಳಲ್ಲಿ. ಫಾರಂ ಹಿಡಿದು ಪಾರ್ಕಿಗೆ ಹೋದವನಿಗೆ ಅವರು ಸಿಗುವುದೇ ಇಲ್ಲ.

ಬೇರೆ ದಾರಿ ಇದೆ ಅಂತ ಮೈಸೂರಿನ ಅಶೋದಯ ಸಮಿತಿ ತೋರಿಸಿದೆ. 2004ರಿಂದ ಅಲ್ಲಿ ಲೈಂಗಿಕ ಕೆಲಸದ ಹೆಂಗಸರು, ಗಂಡಸರು, ಲಿಂಗತ್ವ ಅಲ್ಪಸಂಖ್ಯಾತರು ತಾವೇ ಕೂಡಿ ಸಂಘ ನಡೆಸುತ್ತಿದ್ದಾರೆ. ಪೊಲೀಸಿನವನು ಹೊಡೆದರೆ ಹತ್ತು ಜನ ಠಾಣೆಗೆ ಹೋಗುತ್ತಾರೆ. ಹೊಡೆತ ನಿಂತಲ್ಲಿ ನಿರೋಧ್ ಜೇಬಿಗೆ ಬರುತ್ತದೆ. ಇದು ನಮಗೆ ಹೊಸ ಪಾಠವೇ? ಸಂಘಟನೆ ಆದವನಿಗೆ ಬಾಯಿ ಬರುತ್ತದೆ ಅಂತ 70ರ ದಶಕದಿಂದ ಹೇಳುತ್ತ ಬಂದವರು ನಾವೇ ತಾನೇ?

ಆಸ್ಪತ್ರೆಯ ಮಾತನ್ನೂ ಹೇಳಬೇಕು. ನಮ್ಮ ಜೊತೆಗಾರನೊಬ್ಬನನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಗುದದ ಹತ್ತಿರ ಹುಣ್ಣಾಗಿ ಕೂರಲಾರದೆ ಒದ್ದಾಡುತ್ತಿದ್ದ. ಅಲ್ಲಿದ್ದವರು ನಾಲ್ಕು ಜನರ ಮುಂದೆ "ಏನ್ ಮಾಡ್ಕೊಂಡ್ ಬಂದಿದ್ದೀಯ?" ಅಂತ ನಕ್ಕರು. ಅವನು ಚೀಟಿಯನ್ನು ಅಲ್ಲೇ ಬಿಸಾಕಿ ಹೊರಟುಬಿಟ್ಟ. ಮತ್ತೆ ಯಾವ ಆಸ್ಪತ್ರೆಯ ಮೆಟ್ಟಿಲೂ ಹತ್ತುವುದಿಲ್ಲ ಅಂದ. ಆ ನಗೆಯಿಂದ ಎಷ್ಟು ಜನಕ್ಕೆ ರೋಗ ಹರಡಿತು ಅಂತ ಯಾರೂ ಲೆಕ್ಕ ಇಡುವುದಿಲ್ಲ.

ಆದರೂ ತಿಳಿದುಕೊಳ್ಳಿ: 2004ರಿಂದ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಮಾತ್ರೆ ಪುಕ್ಕಟೆ. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ತಡಮಾಡದೆ ಕೊಡಬೇಕೆಂಬ ನಿಯಮ ಇದೆ. ದಿನಾ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೆ ಸಿಗದಷ್ಟು ಇಳಿದು ಹಾಗೇ ಉಳಿದವನಿಂದ ಲೈಂಗಿಕವಾಗಿ ಸೋಂಕು ಹರಡುವುದಿಲ್ಲ. ಸೋಂಕಿಲ್ಲದವನು ಮುಂಚೆಯೇ ನುಂಗುವ ತಡೆಮಾತ್ರೆಗೂ 2022ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಮಾರ್ಗಸೂಚಿ ಮಾಡಿದೆ. 1097ಕ್ಕೆ ಫೋನು ಮಾಡಿದರೆ ದುಡ್ಡಿಲ್ಲದೆ ಮಾಹಿತಿ ಸಿಗುತ್ತದೆ. ಹಾಗಂತ ನಿರೋಧಿನ ಕೆಲಸ ಮುಗಿದಿಲ್ಲ. ಸಿಫಿಲಿಸ್, ಗೊನೋರಿಯಾಗಳನ್ನು ಈ ಮಾತ್ರೆಗಳು ತಡೆಯುವುದಿಲ್ಲ.

*

ಮೇಷ್ಟ್ರುಗಳೇ, ನಿಮಗೊಂದು ಮಾತು. 2007ರಲ್ಲಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಬಂದಾಗ "ಸಂಸ್ಕೃತಿ ಕೆಡುತ್ತೆ" ಅಂತ ಹಲವು ರಾಜ್ಯಗಳು ನಿಲ್ಲಿಸಿದವು. ಅದರಲ್ಲಿ ನಮ್ಮ ರಾಜ್ಯವೂ ಒಂದು. ಪಾಠ ನಿಂತಿತು, ಮೈ ಬೆಳೆಯುವುದು ನಿಲ್ಲಲಿಲ್ಲ. ಮಾತಾಡಿದರೆ ಹುಡುಗರು ಕೆಡುತ್ತಾರೆ ಅನ್ನುವವರೇ, ಮಾತಾಡದೆ ನೀವು ಎಷ್ಟು ಜನರನ್ನು ಉದ್ಧಾರ ಮಾಡಿದಿರಿ? ನಿಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ, ನಡಿಗೆಗೆ ನಗಿಸಿಕೊಂಡು, 'ಒಂಬತ್ತು' ಅಂತ ಕರೆಸಿಕೊಂಡು ಕೂತ ಹುಡುಗ ಇದ್ದಾನೆ. ಅವನು ಶಾಲೆ ಬಿಟ್ಟ ದಿನ ಹಾಜರಿ ಪುಸ್ತಕದಲ್ಲಿ ನೀವು ಏನು ಕಾರಣ ಬರೆದಿರಿ?

ಸಂಗಾತಿಗಳೇ, ನಿಮಗೂ ಒಂದು ಮಾತು. ಇದು ಅಂಬೇಡ್ಕರ್ ದಾರಿಯಲ್ಲ ಅನ್ನುತ್ತೀರಿ. 1934ರಲ್ಲಿ ಬೊಂಬಾಯಿಯಲ್ಲಿ ರಘುನಾಥ ಧೋಂಡೋ ಕರ್ವೆ ಅವರ 'ಸಮಾಜ ಸ್ವಾಸ್ಥ್ಯ' ಪತ್ರಿಕೆಯ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ಓದುಗರು ಕಳಿಸಿದ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದೇ ಅಪರಾಧ. ಅವುಗಳಲ್ಲಿ ಸಲಿಂಗ ಸಂಬಂಧದ ಪ್ರಶ್ನೆಯೂ ಇತ್ತು. ಕರ್ವೆ ಪರವಾಗಿ ಹೈಕೋರ್ಟಿನಲ್ಲಿ ವಾದಕ್ಕೆ ನಿಂತವರು ಯಾರು? ಬಾಬಾಸಾಹೇಬರು. ಕೇಸು ಸೋತರು, ತತ್ವ ಬಿಡಲಿಲ್ಲ. 1938ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಸಾಧನಗಳು ಜನಕ್ಕೆ ಸಿಗಬೇಕೆಂಬ ನಿರ್ಣಯ ಬಂದದ್ದೂ ಅವರ ಕಡೆಯಿಂದಲೇ. ಅಂಬೇಡ್ಕರ್ ನಾಚಲಿಲ್ಲ. ನಾಚುತ್ತಿರುವವರು ನಾವು. ಈ ನಾಚಿಕೆಯನ್ನು ನಮಗೆ ಕಲಿಸಿದ್ದು ಯಾರ ಧರ್ಮ, ಯೋಚಿಸಿ.

1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧ ಹೋಗಿ ಏಟು ತಿಂದದ್ದು ನಮ್ಮ ಚಳುವಳಿ. ಮೈ ದೇವರದ್ದೂ ಅಲ್ಲ, ಧಣಿಯದ್ದೂ ಅಲ್ಲ, ಅವರವರದು ಅಂತ ಅಂದು ಹೇಳಿದೆವು. ಅದೇ ಮಾತನ್ನು ಇವತ್ತು ಈ ಹುಡುಗರ ಬಗ್ಗೆ ಹೇಳಲು ನಾಲಿಗೆ ಯಾಕೆ ತಡವರಿಸುತ್ತದೆ? ನಮ್ಮ ಸಭೆಗಳಲ್ಲೇ ಹೆಣ್ಣಿಗನ ನಕಲು ಮಾಡಿ ನಗಿಸಿದವರು ನಾವು. ನಮ್ಮ ಬೀದಿನಾಟಕಗಳಲ್ಲಿ ಹೇಡಿ ಧಣಿಗೆ ಬಳೆ ತೊಡಿಸಿದವರು ನಾವು. ಆ ನಗೆಗೆ ನಾವು ಕ್ಷಮೆ ಕೇಳಬೇಕು. ಕೇಳುತ್ತಿದ್ದೇವೆ.

ನಮ್ಮ ಒತ್ತಾಯಗಳು ಇವು:

1. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬಸ್‌ಸ್ಟ್ಯಾಂಡು, ಮಂಡಿ, ಕಾರ್ಖಾನೆ, ಹೆದ್ದಾರಿ ಢಾಬಾಗಳಲ್ಲಿ ಯಾರನ್ನೂ ಕೇಳದೆ ತೆಗೆದುಕೊಳ್ಳುವಂತೆ ನಿರೋಧ್ ಇಡಬೇಕು. ಜೊತೆಗೆ ಜೆಲ್ ಇರಲೇಬೇಕು.

2. ನಿರೋಧ್ ಇಟ್ಟುಕೊಂಡವನನ್ನು ಮುಟ್ಟಬಾರದು ಅಂತ ಪ್ರತಿ ಠಾಣೆಗೂ 22ನೆಯ ಕಲಮಿನ ಪ್ರತಿಯ ಜೊತೆ ಲಿಖಿತ ಆದೇಶ ಹೋಗಬೇಕು.

3. ಹಂಚುವ, ತಿಳುವಳಿಕೆ ಹೇಳುವ ಸಮುದಾಯದ ಕಾರ್ಯಕರ್ತರಿಗೆ ಕನಿಷ್ಠ ವೇತನ ಕೊಡಬೇಕು. ಲೆಕ್ಕದ ಪುಸ್ತಕ ನೋಡುವ ಹಕ್ಕೂ ಅವರಿಗಿರಬೇಕು.

4. ಸರ್ಕಾರಿ ಆಸ್ಪತ್ರೆಗಳಲ್ಲಿ ನಕ್ಕವರ ಮೇಲೆ ದೂರು ಕೊಡಲು ದಾರಿ ಇರಬೇಕು. ಕೊಟ್ಟ ದೂರಿಗೆ ಉತ್ತರ ಬರಬೇಕು.

5. ಇವರನ್ನು ಕೂಡಿಸುವ ಸಂಘಕ್ಕೆ ನಮ್ಮ ಸಂಘಟನೆಗಳ ಕಚೇರಿಯ ಬಾಗಿಲು ತೆರೆಯಬೇಕು. ಇದು ಸರ್ಕಾರಕ್ಕೆ ಅಲ್ಲ, ನಮಗೇ ನಾವು ಹಾಕಿಕೊಳ್ಳುವ ಒತ್ತಾಯ.

ಕೊನೆಯ ಮಾತು. ಸ್ಪೃಶ್ಯ, ಅಸ್ಪೃಶ್ಯ ಅಂತ ಮೈಗಳನ್ನು ವಿಂಗಡಿಸಿದ ದೇಶ ಇದು. ಇಲ್ಲಿ ಯಾರು ಯಾರನ್ನು ಮುಟ್ಟಬೇಕು, ಹೇಗೆ ಮುಟ್ಟಬೇಕು ಅನ್ನುವುದು ಎಂದೂ ಖಾಸಗಿ ವಿಷಯವಾಗಿರಲಿಲ್ಲ. ಹಗಲು ಸಮನಾಗಿ ಮುಟ್ಟಲು ಬಿಡದ ಸಮಾಜದಲ್ಲಿ ಇರುಳು ಯಾರೂ ಯಾರನ್ನೂ ಕಾಪಾಡಿ ಮುಟ್ಟುವುದಿಲ್ಲ. ನಿರೋಧ್ ಹಂಚೋಣ, ನಾಳೆಯೇ ಹಂಚೋಣ. ಅದರ ಜೊತೆ, "ಹಾಕ್ಕೋ" ಅಂತ ತಲೆಯೆತ್ತಿ ಹೇಳುವ ಧೈರ್ಯವನ್ನೂ ಹಂಚಬೇಕು. ಅದು ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಕೂಡಿ ನಿಂತರೆ ಮಾತ್ರ ಸಿಗುತ್ತದೆ.

ಮುಂದಿನ ಸಭೆಗೆ ಅವರನ್ನು ಕರೆಯಿರಿ. ಕೊನೆಯ ಸಾಲಿನಲ್ಲಿ ಅಲ್ಲ, ನಿಮ್ಮ ಪಕ್ಕದಲ್ಲಿ ಕೂರಿಸಿ.